ಹುಳುಮನೆಯಲ್ಲಿ ನಿಂತಿರುವ ತಾತನ ಜಾವಾ: ಬಣ್ಣ ಹೊಡೆಸುವ ಮೊದಲು ಮಾಡಬೇಕಾದ ಕೆಲಸಗಳು

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ನಮ್ಮ ತಾತ 1967ರಲ್ಲಿ ಕೊಂಡ ಜಾವಾ ಮೋಟಾರ್ ಸೈಕಲ್ಲು, ಅದಕ್ಕೂ ಮೊದಲು ಮುತ್ತಾತ ಕೊಂಡಿದ್ದ ರ‍್ಯಾಲಿ ಸೈಕಲ್ಲು ಎರಡೂ ಬಹಳ ವರ್ಷಗಳಿಂದ ರೇಷ್ಮೆ ಹುಳು ಸಾಕುವ ಹುಳುಮನೆಯ ಮೂಲೆಯಲ್ಲಿ ನಿಂತಿವೆ. ತಾತ ತೀರಿಕೊಂಡಿದ್ದಾರೆ. ಗಾಡಿ ಇನ್ನೂ ಅವರ ಹೆಸರಿನಲ್ಲೇ ಇದೆ, ಆರ್‌ಸಿ ಪುಸ್ತಕವನ್ನು ಅರ್ಧ ಗೆದ್ದಲು ತಿಂದಿದೆ. ಬೆಂಗಳೂರಿನ ಗ್ಯಾರೇಜೊಂದರವರು ಪೂರ್ತಿ ಬಿಚ್ಚಿ, ಬಣ್ಣ ಹೊಡೆದು, ಕ್ರೋಮ್ ಹಾಕಿಸಿ ಶೋರೂಮಿನಿಂದ ಬಂದ ಹಾಗೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ದೊಡ್ಡಪ್ಪ ಈಗಲೇ ಮಾರಿಬಿಡೋಣ ಎನ್ನುತ್ತಾರೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಓಡಿಸುವ ಹಾಗಿಲ್ಲ ಎಂದೂ ಕೆಲವರು ಹೇಳುತ್ತಾರೆ. ನನಗೆ ಅದನ್ನು ಓಡಿಸಿಕೊಂಡು ಒಮ್ಮೆಯಾದರೂ ನಂದಿ ಬೆಟ್ಟಕ್ಕೆ ಹೋಗಬೇಕೆಂಬ ಆಸೆ. ಏನು ಮಾಡಲಿ?

ಉತ್ತರ: ಆ ಗ್ಯಾರೇಜಿನವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಅವರ ಕೆಲಸ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಪೂರ್ತಿ ಬಿಚ್ಚಿ ಬಣ್ಣ ಹೊಡೆಯುವುದು ಹಳೆಯ ಗಾಡಿಯ ವಿಷಯದಲ್ಲಿ ಕಟ್ಟಕಡೆಯ ಉಪಾಯವಾಗಬೇಕೇ ಹೊರತು ಮೊದಲನೆಯದಾಗಬಾರದು. ಕಾರ್ಖಾನೆಯಲ್ಲಿ ಬಿದ್ದ ಬಣ್ಣ, ಟ್ಯಾಂಕಿನ ಮೇಲೆ ಕೈಯಿಂದ ಎಳೆದ ಹೊಂಬಣ್ಣದ ಗೆರೆ, ನಿಮ್ಮ ತಾತನ ಮೊಣಕಾಲು ತಾಗಿ ಸವೆದ ರಬ್ಬರು, ಇವು ಗಾಡಿಗೆ ಒಂದೇ ಸಲ ಬರುವಂಥವು. ಇಂಜಿನ್ನಿನ ಯಾವ ಭಾಗವನ್ನಾದರೂ ಇವತ್ತಲ್ಲದಿದ್ದರೆ ನಾಳೆ ಹುಡುಕಿ ತರಬಹುದು, ಆದರೆ ಕೆರೆದು ತೆಗೆದ ಮೂಲ ಬಣ್ಣವನ್ನು ಯಾರೂ ಮರಳಿ ತಂದುಕೊಡಲಾರರು. ನನ್ನ ಸಲಹೆ ಇಷ್ಟು: ಮೊದಲು ಗಾಡಿಯನ್ನು ಹಾಳಾಗದಂತೆ ನಿಲ್ಲಿಸಿ, ಅದರ ಜೊತೆಜೊತೆಗೆ ಕಾಗದಪತ್ರ ಸರಿಮಾಡಿಕೊಳ್ಳಿ, ಆಮೇಲೆ ಇಂಜಿನ್ ಮತ್ತು ಬ್ರೇಕು ಸರಿಪಡಿಸಿ, ಬಣ್ಣದ ಯೋಚನೆಯನ್ನು ಗಾಡಿ ಒಂದು ವರ್ಷ ಓಡಿದ ಮೇಲೆ ಮಾಡಿ. ಅಷ್ಟು ಹೊತ್ತಿಗೆ ಆ ಬಣ್ಣ ಹಾಗೆಯೇ ಇರಲಿ ಎಂದು ನಿಮಗೇ ಅನ್ನಿಸುವ ಸಾಧ್ಯತೆ ಹೆಚ್ಚು.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಹುಳುಮನೆ ಎಂಬ ಮಾತು. ಪ್ರತಿ ಬೆಳೆಯ ಹಿಂದೆಮುಂದೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರಿನಿಂದ ಸೋಂಕು ನಿವಾರಣೆ ಮಾಡುವುದು ನಮ್ಮ ಕಡೆಯ ರೇಷ್ಮೆ ಬೆಳೆಗಾರರೆಲ್ಲರಿಗೂ ಗೊತ್ತಿರುವ ವಿಷಯ. ಹುಳುವನ್ನು ರೋಗದಿಂದ ಕಾಪಾಡುವ ಆ ಕ್ಲೋರಿನ್ನೇ ಕಬ್ಬಿಣಕ್ಕೂ ಕ್ರೋಮಿಗೂ ಶತ್ರು. ಕೋಲಾರ, ಚಿಕ್ಕಬಳ್ಳಾಪುರದ ಒಣ ಹವೆಯಲ್ಲಿ ಕರಾವಳಿಯಷ್ಟು ತುಕ್ಕು ಹಿಡಿಯುವುದಿಲ್ಲವಾದ್ದರಿಂದ, ಇಲ್ಲಿನ ಅಟ್ಟದಲ್ಲೋ ಹಜಾರದಲ್ಲೋ ನಿಂತ ಗಾಡಿಗಳು ದಶಕಗಳ ನಂತರವೂ ಗಟ್ಟಿಯಾಗಿಯೇ ಇರುತ್ತವೆ. ಹುಳುಮನೆಯಲ್ಲಿ ನಿಂತವು ಮಾತ್ರ ಬೇರೆಯೇ ರೀತಿ ಕೆಡುತ್ತವೆ. ಅವುಗಳ ಸ್ಪೋಕುಗಳ ಬುಡದಲ್ಲಿ, ರಿಮ್ಮಿನ ಒಳಮಗ್ಗುಲಲ್ಲಿ, ಹ್ಯಾಂಡಲ್ಲಿನ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳಿಗಳು ಬಿದ್ದು, ಕ್ರೋಮ್ ಒಳಗಿನಿಂದ ಉಬ್ಬಿ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಹಾಗಾಗಿ ಮುಂದಿನ ಚಾಕಿ (ಎಳೆಯ ರೇಷ್ಮೆ ಹುಳು) ಬರುವ ಮೊದಲೇ ಎರಡನ್ನೂ ಅಲ್ಲಿಂದ ಬೇರೆ ಕಡೆಗೆ ಸಾಗಿಸಿ. ಟೈರು ಕುಸಿದಿದ್ದರೆ ಎಳೆದಾಡದೆ ಎತ್ತಿ ಸಾಗಿಸಿ, ಏಕೆಂದರೆ ಗಾಳಿ ಇಲ್ಲದ ಟೈರಿನ ಮೇಲೆ ತಳ್ಳಿದರೆ ರಿಮ್ಮು ಬೆಂಡಾಗುತ್ತದೆ. ಹೊಸ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ. ಅದರೊಳಗೆ ತೇವ ಕಟ್ಟುತ್ತದೆ, ಹಳೆಯ ಹತ್ತಿ ಬೆಡ್‌ಶೀಟು ಸಾಕು.

ಸಾಗಿಸಿದ ತಕ್ಷಣ ನೀರು ಹಾಕಿ ತೊಳೆಯಲು ಕೈಹಾಕಬೇಡಿ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಯಾವ ವೈರು ಎಲ್ಲಿಗೆ ಹೋಗಿದೆ, ಯಾವ ಕೇಬಲ್ಲು ಯಾವ ಕಡೆಯಿಂದ ಬಳಸಿ ಬಂದಿದೆ ಎಂಬುದೆಲ್ಲ ಆ ಚಿತ್ರಗಳಲ್ಲಿ ಇರಲಿ. ಆಮೇಲೆ ಚಾಸಿ ನಂಬರು ಮತ್ತು ಇಂಜಿನ್ ನಂಬರನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಈ ಎರಡು ಅಚ್ಚುಗಳು ಮುಂದೆ ಸಾರಿಗೆ ಕಚೇರಿಯ ಕೆಲಸಕ್ಕೂ ಬೇಕಾಗುತ್ತವೆ. ನಂಬರಿನ ಜಾಗಕ್ಕೆ ಉಪ್ಪುಕಾಗದ, ವೈರ್ ಬ್ರಷ್ಷು, ಗ್ರೈಂಡರು ಯಾವುದನ್ನೂ ತಾಗಿಸಬಾರದು. ಪೌಡರ್ ಕೋಟಿಂಗ್ ಮಾಡಿಸಿದರೆ ಅದರ ದಪ್ಪ ಪದರದಲ್ಲಿ ಅಂಕಿಗಳು ಮುಚ್ಚಿಹೋಗಿ, ಮೂಲ ನಂಬರನ್ನೇ ಅಳಿಸಿದ್ದಾರೆಂಬ ಅನುಮಾನಕ್ಕೆ ಕಾರಣವಾಗುವುದನ್ನು ನಾನು ಕಂಡಿದ್ದೇನೆ. ನಂಬರ್ ಪ್ಲೇಟನ್ನೂ ಎಸೆಯಬೇಡಿ. ಕೈಬರಹದ ಆ ಹಳೆಯ ಪ್ಲೇಟು ಮನೆಯಲ್ಲೇ ಜೋಪಾನವಾಗಿ ಇರಲಿ.

1967ರ ಗಾಡಿ ಎಂದರೆ ಅದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ವಿನ್ಯಾಸವನ್ನು ಅನುಮತಿ ಪಡೆದು ಇಲ್ಲಿ ತಯಾರಿಸಲು 1961ರಲ್ಲಿ ಆರಂಭಿಸಿದರು. 1970ರ ದಶಕದ ಮೊದಲ ವರ್ಷಗಳಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 65 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು, ಕಿಕ್ಕರು ಮತ್ತು ಗೇರು ಎರಡಕ್ಕೂ ಒಂದೇ ಲಿವರು, ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ. ನಿಮ್ಮ ಗಾಡಿಯಲ್ಲೂ ಚೈನು ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿರಬಹುದು, ಪೆಟ್ಟಿಗೆಯ ರಬ್ಬರು ಹರಿಯದಿದ್ದರೆ ಧೂಳೂ ಬ್ಲೀಚಿಂಗ್ ಗಾಳಿಯೂ ಅಲ್ಲಿಗೆ ಅಷ್ಟಾಗಿ ಹೋಗಿರುವುದಿಲ್ಲ. ನಿಮ್ಮದು ಟು ಸ್ಟ್ರೋಕ್ ಇಂಜಿನ್ನು, 2018ರಿಂದ ಮಾರಾಟವಾಗುತ್ತಿರುವ ಹೊಸ ಜಾವಾದ್ದು ಫೋರ್ ಸ್ಟ್ರೋಕ್ ಆದ್ದರಿಂದ ಅದರ ಬಿಡಿಭಾಗಗಳು ಇದಕ್ಕೆ ಬರುವುದಿಲ್ಲ. ಇದಕ್ಕೆ ಬೇಕಾದವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳ ಬಳಿಯಲ್ಲಿ ವಿಚಾರಿಸಬೇಕು.

ಈಗ ಇಂಜಿನ್ನಿನ ವಿಷಯ. ಬಹಳ ಜನ ಉತ್ಸಾಹದಲ್ಲಿ ಮೊದಲ ದಿನವೇ ಪೆಟ್ರೋಲ್ ಹಾಕಿ ಕಿಕ್ಕರ್ ಒದೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ನಿಂತ ಟು ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತಾವು ಕೂರುವ ತೋಡಿನಲ್ಲೇ ಅಂಟಿಕೊಂಡಿರುತ್ತವೆ, ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಒಂದು ತೆಳು ಉಂಗುರ ಎದ್ದಿರುತ್ತದೆ. ಬಲವಂತವಾಗಿ ಒದ್ದರೆ ರಿಂಗು ಮುರಿದು ಪೋರ್ಟಿಗೆ (ಸಿಲಿಂಡರಿನ ಗೋಡೆಯ ಕಿಂಡಿಗೆ) ಸಿಕ್ಕಿಕೊಳ್ಳುತ್ತದೆ, ಆಗ ಸಣ್ಣ ಕೆಲಸವೊಂದು ಸಿಲಿಂಡರನ್ನು ಕೊರೆದು ಅಗಲಿಸುವ, ಅಂದರೆ ಬೋರ್ ಮಾಡಿಸುವ ಕೆಲಸವಾಗಿ ಬೆಳೆಯುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಇಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿದ್ದನ್ನು ಸ್ವಲ್ಪ ಸುರಿದು, ಕೆಲವು ದಿನ ಹಾಗೇ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಒಂದಿಷ್ಟಿಷ್ಟೇ ತಿರುಗಿಸಿ ನೋಡಿ. ಸಡಿಲವಾದರೆ ಸರಿ, ಆಗದಿದ್ದರೆ ಮತ್ತೆ ಎಣ್ಣೆ ಹಾಕಿ ಕಾಯಿರಿ. ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ.

ಇಂಜಿನ್ ತಿರುಗಿತೆಂದ ಮಾತ್ರಕ್ಕೆ ಅದು ಓಡಲು ಸಿದ್ಧವಾಯಿತೆಂದು ತಿಳಿಯಬೇಡಿ. ಹೆಡ್ಡು ಮತ್ತು ಸಿಲಿಂಡರನ್ನು ಬಿಚ್ಚಿ ಒಳಗೆ ಕಣ್ಣಾರೆ ನೋಡಲೇಬೇಕು, ಜಾವಾದಲ್ಲಿ ಇದು ಅರ್ಧ ದಿನದ ಕೆಲಸ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಟಕ್ ಟಕ್ ಎಂದು ಆಡಿದರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಬೇರಿಂಗು ಹೋಗಿದೆ ಎಂದರ್ಥ. ಅಕ್ಕಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಅದಕ್ಕೆ ಹೆದರಿ ಕ್ರ್ಯಾಂಕ್ ಒತ್ತಿಸಬೇಡಿ. ಸಿಲಿಂಡರನ್ನು ಲೇತಿನವರ ಬಳಿ ಅಳೆಸಿ. ಗೀರು ಆಳವಾಗಿದ್ದರೆ ಮಾತ್ರ ಬೋರ್ ಮಾಡಿಸಿ, ಅದೂ ಬೇಕಾದ ಕನಿಷ್ಠ ಅಳತೆಗೆ. ಪ್ರತಿ ಸಲ ಬೋರ್ ಮಾಡಿದಾಗ ಸಿಲಿಂಡರಿನ ಗೋಡೆ ತೆಳುವಾಗುತ್ತದೆ, ಮೂಲ ಸಿಲಿಂಡರಿಗೆ ಇನ್ನೆಷ್ಟು ಬೋರು ಉಳಿದಿದೆ ಎಂಬುದು ನಿಮ್ಮ ಮಕ್ಕಳ ಕಾಲಕ್ಕೆ ಮುಖ್ಯವಾಗುವ ವಿಷಯ.

ಹಳೆಯ ಜಾವಾದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವುದು ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲುಗಳಿಗೆ. ಟು ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸೂ ಒಂದು ಪಂಪಿನ ಹಾಗೆ ಗಾಳಿ, ಪೆಟ್ರೋಲನ್ನು ಎಳೆದು ಒತ್ತುವ ಕೆಲಸ ಮಾಡುತ್ತದೆ. ಈ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು, ಬಿಗಿಯಾಗಿ ಇಡುವುದು ಆ ಎರಡು ರಬ್ಬರ್ ಸೀಲುಗಳು. ನಿಂತೇ ಇದ್ದ ಗಾಡಿಯಲ್ಲಿ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಎಡಗಡೆಯ, ಅಂದರೆ ಕ್ಲಚ್ಚಿನ ಕಡೆಯ ಸೀಲು ಹೋದರೆ ಇಂಜಿನ್ನು ಗೇರ್‌ಬಾಕ್ಸಿನ ಆಯಿಲನ್ನು ಒಳಗೆ ಎಳೆದುಕೊಂಡು ಸುಡುತ್ತದೆ. ಆಗ ಬೀದಿ ತುಂಬ ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ತಾನೇ ಇಳಿಯುವುದು, ಪ್ಲಗ್ ಪದೇ ಪದೇ ಒದ್ದೆಯಾಗುವುದು. ಬಲಗಡೆಯ, ಡೈನಮೋ ಇರುವ ಕಡೆಯ ಸೀಲು ಹೋದರೆ ಹೊಗೆಯೇನೂ ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲೂ ಅದರೊಂದಿಗೆ ಬರುವ ಆಯಿಲೂ ಕಡಿಮೆಯಾಗಿ, ಇಂಜಿನ್ ವಿಪರೀತ ಬಿಸಿಯೇರಿ, ಓಡುತ್ತಿರುವಾಗಲೇ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ನಿನ ವೇಗ ಇಳಿಯದೆ ಏರುದನಿಯಲ್ಲೇ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿ ತೊಳೆದರೂ ಈ ದೋಷ ಹೋಗುವುದಿಲ್ಲ. ಸೀಲಿನ ಬೆಲೆ ಅಲ್ಪ, ಕೆಲಸ ಮಾತ್ರ ನುರಿತ ಕೈಯದ್ದಾಗಬೇಕು. ಇಂಜಿನ್ ಬಿಚ್ಚಿದಾಗಲೇ ಎರಡನ್ನೂ ಬದಲಿಸಿ, ಹಳೆಯದು ಚೆನ್ನಾಗಿ ಕಂಡರೂ ಬಿಡಬೇಡಿ.

ಟ್ಯಾಂಕಿನೊಳಗೆ ತುಕ್ಕು ಇದ್ದೇ ಇರುತ್ತದೆ. ಅದಕ್ಕೆ ನಿಂಬೆಹುಳಿಯ ಉಪ್ಪು ಎಂದು ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ರಾತ್ರಿ ಬಿಟ್ಟು, ಚೆನ್ನಾಗಿ ತೊಳೆದು, ಅಡುಗೆ ಸೋಡಾದ ನೀರಿನಿಂದ ಮತ್ತೊಮ್ಮೆ ತೊಳೆದು, ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಸಾಕು. ಆ ನೀರು ಹೊರಗಿನ ಬಣ್ಣದ ಮೇಲೆ ಹರಿಯದಂತೆ ನೋಡಿಕೊಳ್ಳಿ. ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ, ಪೆಟ್ರೋಲ್ ಆವಿ ಪೂರ್ತಿ ಹೋಗಿದೆಯೆಂದು ಖಚಿತವಾಗುವವರೆಗೆ ಯಾರನ್ನೂ ಬೆಂಕಿ ಹಚ್ಚಲು ಬಿಡಬೇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಟ್ಯಾಪಿನ ವಾಷರು, ಕಾರ್ಬೊರೇಟರಿನ ಪ್ಯಾಕಿಂಗುಗಳನ್ನು ಇಂದಿನ ಪೆಟ್ರೋಲಿಗೆ ತಾಳುವ ಹೊಸ ರಬ್ಬರಿನಲ್ಲಿ ಹಾಕಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಮತ್ತು ಕಾರ್ಬೊರೇಟರನ್ನು ಖಾಲಿ ಮಾಡಿಡಿ. ಲೀಟರಿಗೆ 40 ಮಿಲಿಲೀಟರಿನಷ್ಟು ಒಳ್ಳೆಯ 2ಟಿ (ಟು ಸ್ಟ್ರೋಕ್) ಆಯಿಲನ್ನು ಬೇರೆ ಪಾತ್ರೆಯಲ್ಲೇ ಪೆಟ್ರೋಲಿಗೆ ಬೆರೆಸಿ, ಆಮೇಲೆ ಟ್ಯಾಂಕಿಗೆ ಹಾಕಿ.

ವಿದ್ಯುತ್ ಭಾಗ ಆರು ವೋಲ್ಟಿನದು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟನ್ನು ನಯವಾಗಿ ಉಜ್ಜಿ ಸುಮಾರು 0.4 ಮಿ.ಮೀ. ಅಂತರ ಇಟ್ಟು, ಕಂಡೆನ್ಸರ್ ಬದಲಿಸಿದರೆ ಬಹುತೇಕ ಕಿಡಿ ಬರುತ್ತದೆ. ಹನ್ನೆರಡು ವೋಲ್ಟಿಗೆ ಬದಲಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ, ನಿಮಗೆ ಸದ್ಯಕ್ಕೆ ಅದು ಬೇಡ.

ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್ಲು, ಈ ನಾಲ್ಕರ ವಿಷಯದಲ್ಲಿ ಮೂಲದ್ದೇ ಇರಲಿ ಎಂಬ ಮಮತೆ ಬೇಡ. ಟೈರಿನ ಪಟ್ಟೆ ಎದ್ದು ಕಾಣುತ್ತಿದ್ದರೂ ಪಕ್ಕದ ಗೋಡೆಯಲ್ಲಿ ಬಿರುಕಿದ್ದರೆ ಅದು ಮನುಷ್ಯನ ತೂಕ ಹೊರುವುದಿಲ್ಲ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಒಂದು ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಡಿ.

ನಂದಿ ಬೆಟ್ಟದ ಆಸೆಯ ಬಗ್ಗೆ ಎರಡು ಮಾತು ಹೇಳಬೇಕು. ಏರುವುದು ಕಷ್ಟವಲ್ಲ, ಚೆನ್ನಾಗಿ ಕಟ್ಟಿದ ಜಾವಾ ಆ ತಿರುವುಗಳನ್ನು ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತುತ್ತದೆ. ಇಳಿಯುವಾಗಲೇ ತೊಂದರೆ. ಈ ಇಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ, ಪ್ರತ್ಯೇಕ ಪಂಪಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟುಕೊಂಡು ಬಂದರೆ ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ, ಆದರೆ ಪೆಟ್ರೋಲ್ ಹೋಗುತ್ತಿಲ್ಲವಾದ್ದರಿಂದ ಆಯಿಲೂ ಹೋಗುವುದಿಲ್ಲ. ಹೊಸದಾಗಿ ಬೋರ್ ಮಾಡಿಸಿದ ಇಂಜಿನ್ನು ಸೀಜ್ ಆಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಕೊಟ್ಟು ಬಿಡಿ, ಒಂದೆರಡು ಕಡೆ ಪಕ್ಕಕ್ಕೆ ನಿಲ್ಲಿಸಿ ಡ್ರಮ್ ಬ್ರೇಕುಗಳ ಬಿಸಿ ಆರಲು ಬಿಡಿ. ಅದಕ್ಕೂ ಮೊದಲು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಕೆಲವು ನೂರು ಕಿಲೋಮೀಟರ್ ಓಡಿಸಿ, ನಡುನಡುವೆ ಪ್ಲಗ್ ತೆಗೆದು ಅದರ ಬಣ್ಣ ನೋಡಿ. ಕಾಫಿಪುಡಿಯ ಕಂದು ಬಣ್ಣವಿದ್ದರೆ ಎಲ್ಲ ಸರಿಯಿದೆ, ಬೆಳ್ಳಗೆ ಸುಣ್ಣದಂತಿದ್ದರೆ ಗಾಳಿ ಹೆಚ್ಚಾಗಿದೆ. ಹಾಗೆ ಬೆಳ್ಳಗಿರುವಾಗ ಬೆಟ್ಟ ಹತ್ತಬೇಡಿ.

ಹೊರಮೈ ಶುಚಿ ಮಾಡುವುದು ತಾಳ್ಮೆಯ ಕೆಲಸ, ಆದರೆ ಖರ್ಚಿಲ್ಲದ್ದು. ಹಳೆಯ ಗ್ರೀಸು, ಕೆಸರನ್ನು ಸೀಮೆಎಣ್ಣೆಯಿಂದ ತೆಗೆಯಬಹುದು, ಟ್ಯಾಂಕಿನ ಗೆರೆ ಮತ್ತು ಅಕ್ಷರಗಳಿರುವ ಕಡೆಗೆ ಮಾತ್ರ ಅದು ಬೇಡ, ಅಲ್ಲಿ ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಮೊದಲು ಸೀಟಿನ ಕೆಳಗೆ ಕಾಣದ ಜಾಗದಲ್ಲಿ ಪರೀಕ್ಷಿಸಿ, ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಕ್ರೋಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಮ್ ಹಾಳೆಯನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಮ್ ಕ್ರೋಮಿಗಿಂತ ಮೃದುವಾದ್ದರಿಂದ ತುಕ್ಕು ಬಿಟ್ಟುಹೋಗುತ್ತದೆ, ಗೀರು ಬೀಳುವುದಿಲ್ಲ. ಆಮೇಲೆ ತೆಳುವಾಗಿ ಮೇಣ ಹಚ್ಚಿ. ಗುಳಿಗಳು ಉಳಿಯುತ್ತವೆ, ಉಳಿಯಲಿ. ಕ್ರೋಮ್ ಹೊಸದಾಗಿ ಹಾಕಿಸುವಾಗ ಮೊದಲು ಕಬ್ಬಿಣವನ್ನು ಉಜ್ಜಿ ತೆಳುವಾಗಿಸುತ್ತಾರೆ, ಗುಳಿ ಬಿದ್ದ ರಿಮ್ಮು ಆ ಉಜ್ಜಾಟದಲ್ಲಿ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಸ್ಪೋಕುಗಳು ಬುಡದಲ್ಲಿ ಸವೆದಿದ್ದರೆ ಮಾತ್ರ ಹೊಸವು ಹಾಕಿ ಚಕ್ರ ಕಟ್ಟಿಸಿ, ಅದು ಸುರಕ್ಷತೆಯ ಪ್ರಶ್ನೆ.

ಸೈಕಲ್ಲಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನನ್ನ ದೃಷ್ಟಿಯಲ್ಲಿ ಅದು ಜಾವಾಕ್ಕಿಂತ ಕಡಿಮೆಯದೇನಲ್ಲ. ಜಾವಾ ಬರುವ ಮೊದಲು ನಿಮ್ಮ ಮನೆಯ ರೇಷ್ಮೆ ಗೂಡಿನ ಮೂಟೆಗಳು ಮಾರುಕಟ್ಟೆಗೆ ಹೋಗಿದ್ದು ಬಹುಶಃ ಅದರ ಕ್ಯಾರಿಯರಿನ ಮೇಲೆಯೇ. ಮುಂಭಾಗದ ಬಿಲ್ಲೆಯನ್ನು ಮೆಲ್ಲಗೆ ಒರೆಸಿ ಓದಿ. ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಎಂದಿದ್ದರೆ ಅದು ಹಡಗಿನಲ್ಲಿ ಬಂದದ್ದು. ಸೆನ್-ರ‍್ಯಾಲಿ ಎಂದಿದ್ದರೆ 1950ರ ದಶಕದಿಂದ ಬಂಗಾಳದ ಆಸನ್ಸೋಲ್‌ನಲ್ಲಿ ತಯಾರಾಗುತ್ತಿದ್ದ ಸೈಕಲ್ಲುಗಳಲ್ಲಿ ಒಂದು. ಪೆಡಲಿನ ದೊಡ್ಡ ಹಲ್ಲುಚಕ್ರದಲ್ಲಿ ಕೊಕ್ಕರೆಯ ತಲೆಯ ಆಕಾರ ಕತ್ತರಿಸಿದ್ದರೆ ಅದನ್ನು ಯಾರು ಎಷ್ಟು ಕೇಳಿದರೂ ಬದಲಾಯಿಸಲು ಬಿಡಬೇಡಿ.

ಸೈಕಲ್ ಅಂಗಡಿಯವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ನಾಟಿಂಗ್‌ಹ್ಯಾಮಿನ ರ‍್ಯಾಲಿಯ ಪೆಡಲ್ ಆಕ್ಸಲ್ ಕೂರುವ ಬೇರಿಂಗ್ ಕಪ್ಪುಗಳಲ್ಲಿ ಅಂಗುಲಕ್ಕೆ 26 ಮರೆ (ತಿರುಪಿನ ಸುತ್ತು) ಇರುತ್ತವೆ, ಬೇರೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 24. ಅಂಗಡಿಯಲ್ಲಿ ಸಿಗುವ ಕಪ್ಪನ್ನು ಒಂದೆರಡು ಸುತ್ತು ತಿರುಗಿಸಿ, ಬಿಗಿಯಾಯಿತೆಂದು ಉದ್ದ ಸ್ಪ್ಯಾನರ್ ಹಾಕಿ ಒತ್ತಿದರೆ ಫ್ರೇಮಿನ ಮರೆಯೇ ಕಿತ್ತುಹೋಗುತ್ತದೆ. ಹಳೆಯ ಕಪ್ಪನ್ನೇ ತೊಳೆದು, ಬಾಲ್ಸ್ ಮಾತ್ರ ಹೊಸದು ಹಾಕಿ, ಗ್ರೀಸ್ ತುಂಬಿ ಕೂರಿಸಿದರೆ ಇನ್ನೊಂದು ತಲೆಮಾರಿಗೆ ಬರುತ್ತದೆ. ಪೆಡಲಿನ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ ತೆಗೆಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಪೈಪಿನ ತುಂಡನ್ನು ಆಧಾರ ಕೊಟ್ಟು ಹೊಡೆಯಬೇಕು, ಆಧಾರವಿಲ್ಲದೆ ಹೊಡೆದರೆ ಏಟು ಬೇರಿಂಗಿಗೆ ಬೀಳುತ್ತದೆ. ಕಂಬಿ ಬ್ರೇಕಿನ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. 28 x 1½ ಅಳತೆಯ ಟೈರು ಇಂದಿಗೂ ನಮ್ಮ ಪೇಟೆಗಳಲ್ಲಿ ಸಿಗುತ್ತದೆ. ಚರ್ಮದ ಸೀಟು ಉಳಿದಿದ್ದರೆ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಬೇಡಿ, ಜೋತುಬೀಳುತ್ತದೆ, ಮೇಣದ ಪಾಲಿಷನ್ನು ಮೇಲೆ ಕೆಳಗೆ ತೆಳುವಾಗಿ ಹಚ್ಚಿ. ಪುರಸಭೆಯೋ ಪಂಚಾಯಿತಿಯೋ ಕೊಟ್ಟ ಹಳೆಯ ಸೈಕಲ್ ಲೈಸೆನ್ಸ್ ಬಿಲ್ಲೆ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಅದು ಇದ್ದಲ್ಲೇ ಇರಲಿ.

ಇನ್ನು ಕಾಗದಪತ್ರ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ದೆಹಲಿ ಸುತ್ತಮುತ್ತಲಿನದು, ಕರ್ನಾಟಕದಲ್ಲಿ ಅಂಥದ್ದಿಲ್ಲ. ಇಲ್ಲಿ ಹದಿನೈದು ವರ್ಷದ ನಂತರ ಗಾಡಿಯನ್ನು ಪರೀಕ್ಷೆಗೆ ಒಯ್ದು, ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಬಾಕಿ ತೆರಿಗೆ ಮತ್ತು ದಂಡ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು. 1967ರಲ್ಲಿ ನಿಮ್ಮ ಊರು ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನಿಮ್ಮ ಗಾಡಿಯ ನಂಬರು ಮೈಸೂರು ರಾಜ್ಯದ ಕಾಲದ ಎಂವೈ ಅಕ್ಷರಗಳಿಂದ ಶುರುವಾಗಿರಬೇಕು, ಅದರ ಮೂಲ ದಾಖಲೆಯನ್ನು ಮೊದಲು ಹುಡುಕಬೇಕಾದದ್ದು ಕೋಲಾರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ. ಅಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಕೊಡಿ. ನೋಂದಣಿ ವಹಿಯಲ್ಲಿ ಬರೆದಿರುವ ಮಾಲೀಕರ ಹೆಸರು, ಚಾಸಿ ನಂಬರು, ಇಂಜಿನ್ ನಂಬರು ಅದರಲ್ಲಿರುತ್ತವೆ, ನೀವು ಪೆನ್ಸಿಲಿನಲ್ಲಿ ತೆಗೆದ ಅಚ್ಚಿನೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಅಷ್ಟು ಹಳೆಯ ವಹಿಗಳ ವಿವರ ಕಂಪ್ಯೂಟರಿಗೆ ಏರಿಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಕೊಡುವಂತೆ ಲಿಖಿತವಾಗಿ ಕೇಳಬೇಕು, ಇದಕ್ಕೆ ಓಡಾಟ ಬೇಕಾಗುತ್ತದೆ. ಗೆದ್ದಲು ತಿಂದ ಆರ್‌ಸಿ ಪುಸ್ತಕದಲ್ಲಿ ಉಳಿದಿರುವ ಪ್ರತಿ ಹಾಳೆಯನ್ನೂ ಮೊದಲೇ ಸ್ಕ್ಯಾನ್ ಮಾಡಿಸಿಡಿ. ನಕಲು ಆರ್‌ಸಿಗೆ ನಮೂನೆ 26 ಇದೆ.

ಮಾಲೀಕರು ತೀರಿಕೊಂಡಾಗ ಹೆಸರು ಬದಲಾವಣೆಗೆ ಕೊಡಬೇಕಾದದ್ದು ನಮೂನೆ 31. ನಿಯಮದ ಪ್ರಕಾರ ಇದನ್ನು ಮೂರು ತಿಂಗಳೊಳಗೆ ಕೊಡಬೇಕಿತ್ತು, ತಡವಾದದ್ದಕ್ಕೆ ದಂಡ ಬೀಳುತ್ತದೆ, ಆದರೆ ದಾರಿ ಮುಚ್ಚುವುದಿಲ್ಲ. ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಬೇಕು. ಎಲ್ಲರೆಂದರೆ ನಿಮ್ಮ ಅಜ್ಜಿ ಇದ್ದರೆ ಅವರು, ದೊಡ್ಡಪ್ಪ, ನಿಮ್ಮ ತಂದೆ, ಜೊತೆಗೆ ಮದುವೆಯಾಗಿ ಹೋದ ಸೋದರತ್ತೆಯರೂ ಸೇರಿದರು. ಗಾಡಿಯ ವಿಷಯ ಗಂಡಸರು ಮಾತಾಡಿಕೊಂಡರೆ ಸಾಕೆಂದು ಅತ್ತೆಯರನ್ನು ಬಿಟ್ಟು ಅರ್ಜಿ ಹಾಕಿ, ಆಮೇಲೆ ಆಕ್ಷೇಪಣೆ ಬಂದು ನಿಂತುಹೋದ ಕಡತಗಳಿವೆ. ಎಲ್ಲರ ಮನೆಗೂ ಹೋಗಿ, ಏನು ಮಾಡಲಿದ್ದೀರೆಂದು ಹೇಳಿ ಸಹಿ ಪಡೆಯಿರಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗವನ್ನು ಸೇರಿಸಿತು. ಮೊದಲ ಮಾರಾಟವಾಗಿ 50 ವರ್ಷ ದಾಟಿರುವ, ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದವಕ್ಕೆ ವಿಎ ಅಕ್ಷರಗಳಿರುವ ನಂಬರು ಸಿಗುತ್ತದೆ, ಮೊದಲೇ ನೋಂದಣಿಯಾಗಿದ್ದವು ತಮ್ಮ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಬಿಟ್ಟು ದಿನಬಳಕೆಗೆ ಓಡಿಸುವಂತಿಲ್ಲ. ನಿಮ್ಮ ಉದ್ದೇಶ ಆಗಾಗ ಓಡಿಸುವುದಾದ್ದರಿಂದ ಸಾಮಾನ್ಯ ನವೀಕರಣವೇ ನಿಮಗೆ ಸರಿ ಎಂಬುದು ನನ್ನ ಅಭಿಪ್ರಾಯ. ಮೂರನೇ ವ್ಯಕ್ತಿಯ ವಿಮೆ ಎರಡರಲ್ಲೂ ಕಡ್ಡಾಯ.

ದೊಡ್ಡಪ್ಪನವರ ಮಾತನ್ನು ತಳ್ಳಿಹಾಕಬೇಡಿ. ಅವರಿಗೂ ಅದರಲ್ಲಿ ಪಾಲಿದೆ, ಹುಳುಮನೆಯಲ್ಲಿ ಕೊಳೆಯುವುದಕ್ಕಿಂತ ಮಾರುವುದು ಮೇಲು ಎಂಬ ಅವರ ಲೆಕ್ಕದಲ್ಲಿ ತಪ್ಪೂ ಇಲ್ಲ. ಆದರೆ ಈಗ ಮಾರಿದರೆ ಕಾಗದವಿಲ್ಲದ ಗಾಡಿಯನ್ನು ಗುಜರಿ ಬೆಲೆಗೆ ಸ್ವಲ್ಪ ಮೇಲೆ ಕೇಳುತ್ತಾರೆ. ಮಾತ್ರವಲ್ಲ, ದಾಖಲೆಯಲ್ಲಿ ತಾತನ ಹೆಸರೇ ಉಳಿದಿರುವಾಗ ಕೊಂಡವನು ಅಪಘಾತ ಮಾಡಿದರೆ ನೋಟಿಸು ಬರುವುದು ನಿಮ್ಮ ಮನೆಯ ವಿಳಾಸಕ್ಕೆ. ಅವರಿಗೆ ಇದನ್ನು ವಿವರಿಸಿ, ಹೆಸರು ಬದಲಾವಣೆ ಮುಗಿಯುವವರೆಗೆ ಮಾರಾಟದ ಮಾತನ್ನು ಮುಂದೂಡಲು ಕೇಳಿಕೊಳ್ಳಿ. ಆಗಲೂ ಅವರು ಪಾಲು ಬೇಕೆಂದರೆ, ನಂಬರುಗಳು ತಾಳೆಯಾದ, ಮೂಲ ಬಣ್ಣದಲ್ಲಿರುವ, ಓಡುವ ಗಾಡಿಗೆ ಇಬ್ಬರು ಮೂವರು ತಿಳಿದವರಿಂದ ಬೆಲೆ ಕಟ್ಟಿಸಿ, ಅವರ ಪಾಲಿನ ಹಣವನ್ನು ನೀವೇ ಕೊಟ್ಟು ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಗ್ಯಾರೇಜಿಗೆ ಬಣ್ಣಕ್ಕೆಂದು ಎತ್ತಿಟ್ಟಿರುವ ಹಣವನ್ನು ಅದಕ್ಕಾಗಿಯೇ ಇಟ್ಟುಕೊಂಡಿರಿ.